ಮುಶೆ, ಮಾಹೂ, ಬಿಸ್ಸು: ಬೇರೆಯವರ ಪದವನ್ನು ಕನ್ನಡಕ್ಕೆ ತರುವಾಗ

ಗಂಡು, ಹೆಣ್ಣು ಅನ್ನೋ ಎರಡೇ ಖಾನೆಗೆ ಸೇರದ ಜನರಿಗೆ ಎಷ್ಟೋ ಮೂಲನಿವಾಸಿ ಭಾಷೆಗಳಲ್ಲಿ ತಮ್ಮದೇ ಹೆಸರಿದೆ. ಹೆಸರಷ್ಟೇ ಅಲ್ಲ, ಅದರ ಜೊತೆಗೆ ಒಂದು ಕೆಲಸವಿದೆ, ಊರಿನಲ್ಲಿ ಒಂದು ಜಾಗವಿದೆ. ಇವರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಾಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ: ಇಂಗ್ಲಿಷ್ ಲೇಖನ ತೆರೆದು, ಅಲ್ಲಿನ ಪದವನ್ನು ಕಂಡ ಹಾಗೆ ಕನ್ನಡ ಲಿಪಿಗೆ ಇಳಿಸಿ, ಪಕ್ಕದಲ್ಲಿ “ಅಂದರೆ ಅಲ್ಲಿನ ತೃತೀಯ ಲಿಂಗಿಗಳು” ಅಂತ ಸೇರಿಸಿ ಮುಂದಕ್ಕೆ ಹೋಗೋದು. ನಾನೂ ಹಾಗೇ ಬರೆದಿದ್ದೇನೆ. ಮೆಕ್ಸಿಕೊದ ಮುಶೆ ಜನರ ಬಗ್ಗೆ ಬರೆದಾಗ ಲೇಖನದ ಉದ್ದಕ್ಕೂ “ಮುಕ್ಸೆ” ಅಂತ ಬರೆದಿದ್ದೆ. ಸರಿಯಾದ ಉಚ್ಚಾರ ಕಿವಿಗೆ ಬಿದ್ದ ದಿನ ತುಂಬಾ ಬೇಜಾರಾಯಿತು. ಹೆಸರನ್ನೇ ತಪ್ಪಾಗಿ ಕರೆದು, ಅದೇ ಜನರ ಗೌರವದ ಬಗ್ಗೆ ಮೂರು ಪುಟ ಬರೆದರೆ ಏನು ಬಂತು? ಆಮೇಲೆ ನಾನು ರೂಢಿ ಮಾಡಿಕೊಂಡ ಕ್ರಮ ಇದು. ನೀವು ಬರೆಯೋರಾದರೆ, ಅನುವಾದ ಮಾಡೋರಾದರೆ, ಮಕ್ಕಳಿಗೆ ಪಾಠ ಹೇಳೋರಾದರೆ ಉಪಯೋಗಕ್ಕೆ ಬರುತ್ತದೆ.

ಮೊದಲು ಪದ ಯಾರದ್ದು ಅಂತ ನೋಡಿ. “ಅಮೆರಿಕದ ಬುಡಕಟ್ಟು ಜನರಲ್ಲಿ ಹೀಗೆ ಕರೆಯುತ್ತಾರೆ” ಅನ್ನೋ ಸಾಲು ಬರೆದಿದ್ದರೆ ಅಲ್ಲೇ ನಿಲ್ಲಿ. ಅಮೆರಿಕದ ಮೂಲನಿವಾಸಿಗಳು ಒಂದೇ ಜನವಲ್ಲ, ಅವರದ್ದು ಒಂದೇ ಭಾಷೆಯೂ ಅಲ್ಲ. ನದ್ಲೇಹಿ ಅನ್ನೋದು ನವಾಹೊ ಪದ, ಅವರು ತಮ್ಮನ್ನು ದಿನೇ ಅಂತ ಕರೆದುಕೊಳ್ಳುತ್ತಾರೆ. ಲ್ಹಮನ ಅನ್ನೋದು ಝೂನಿ ಪದ. ವಿಂಕ್ತೆ ಲಕೋಟ ಭಾಷೆಯದ್ದು, ಬತೇ ಕ್ರೋ ಜನರದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡೋ ಹಾಗಿಲ್ಲ. ಹಾಗಾಗಿ ಪದ ಮೊದಲ ಸಲ ಬಂದಾಗ ಜನರ ಹೆಸರು, ಜಾಗದ ಹೆಸರು ಎರಡನ್ನೂ ಜೊತೆಗೇ ಬರೆಯಿರಿ. “ಮೆಕ್ಸಿಕೊದ ಒಆಹಾಕ ರಾಜ್ಯದ ಹುಚಿತಾನ್ ಊರಿನ ಸುತ್ತ ಇರುವ ಝಪೊಟೆಕ್ ಜನರಲ್ಲಿ ಮುಶೆ” ಅಂತ ಬರೆದರೆ ಸಾಲು ಉದ್ದ ಆಗುತ್ತದೆ, ಆಗಲಿ ಬಿಡಿ.

ಹಾಗಾದರೆ ಉತ್ತರ ಅಮೆರಿಕದ ಇಂಥವರಿಗೆಲ್ಲ ಒಟ್ಟಾಗಿ ಬಳಸುವ ಟೂ-ಸ್ಪಿರಿಟ್ ಅನ್ನೋದು ಯಾರ ಪದ? ಇದು ಹಳೆಯ ಪದವಲ್ಲ. 1990ರಲ್ಲಿ ಕೆನಡಾದ ವಿನಿಪೆಗ್ ಹತ್ತಿರ ಬೇರೆ ಬೇರೆ ಮೂಲನಿವಾಸಿ ಜನರ ಒಂದು ಸಭೆ ಸೇರಿತ್ತು. ಅಲ್ಲಿ ಎಲ್ಲರೂ ಒಪ್ಪಿಕೊಂಡ ಕೊಡೆಯಂಥ ಪದ ಇದು. ಒಜಿಬ್ವೆ ಭಾಷೆಯಲ್ಲಿ ಇದನ್ನು ನೀಜ್ ಮನಿಡೋವಗ್ ಅನ್ನುತ್ತಾರೆ. ನೀಜ್ ಅಂದರೆ ಎರಡು, ಮನಿಡೋ ಅಂದರೆ ಚೇತನ, ಶಕ್ತಿ. ಆಗ ವಿದ್ವಾಂಸರ ಪುಸ್ತಕಗಳಲ್ಲಿ ಇವರಿಗೆಲ್ಲ ಬರ್ಡಾಶ್ ಅನ್ನೋ ಹೆಸರಿತ್ತು. ಅದು ಯುರೋಪಿನವರು ಹೊರಗಿನಿಂದ ಅಂಟಿಸಿದ್ದು, ಅದರ ಬೇರು ಹುಡುಕಿಕೊಂಡು ಹೋದರೆ ಸೆರೆಯಾಳು ಅನ್ನೋ ಅರ್ಥದ ಪಾರಸಿ ಪದ ಸಿಗುತ್ತದೆ. ಆ ಹೆಸರು ಬೇಡ, ನಮ್ಮ ಹೆಸರು ನಾವೇ ಇಟ್ಟುಕೊಳ್ಳುತ್ತೇವೆ ಅಂತ ಅವರು ಹೇಳಿದ್ದರಿಂದ ಟೂ-ಸ್ಪಿರಿಟ್ ಬಂತು. ಈಗ ಕೆನಡಾದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಅಕ್ಷರಗಳ ಹೆಸರು (2SLGBTQI+) ಬರೆಯುವಾಗ ಸರ್ಕಾರ ಕೂಡ ಇದನ್ನೇ ಮೊದಲು ಇಡುತ್ತದೆ.

ಕನ್ನಡದಲ್ಲಿ ಇದನ್ನು ಟೂ-ಸ್ಪಿರಿಟ್ ಅಂತಲೇ ಬಿಡಿ ಅನ್ನೋದು ನನ್ನ ಅಭಿಪ್ರಾಯ. “ಎರಡು ಆತ್ಮದವರು” ಅಂತ ಬರೆದ ತಕ್ಷಣ ನಮ್ಮ ಓದುಗರ ತಲೆಗೆ ಬರೋದು ಮೈಮೇಲೆ ಏನೋ ಬಂದಿದೆ ಅನ್ನೋ ಚಿತ್ರ. ಒಂದು ವಾಕ್ಯದಲ್ಲಿ ಅರ್ಥ ಹೇಳಿ ಪದವನ್ನು ಹಾಗೇ ಇಟ್ಟರೆ ಆ ಗೊಂದಲವೇ ಇರೋದಿಲ್ಲ. ಇನ್ನೊಂದು ಮಾತು. ಇದು ಉತ್ತರ ಅಮೆರಿಕದ ಮೂಲನಿವಾಸಿಗಳು ತಮಗಾಗಿ ಇಟ್ಟುಕೊಂಡ ಹೆಸರು. ಪೆಸಿಫಿಕ್ ದ್ವೀಪ ಸಮೋವಾದವರಿಗೋ ಇಂಡೊನೇಷ್ಯಾದ ಸುಲವೇಸಿಯವರಿಗೋ ಅದನ್ನು ಹಚ್ಚಬೇಡಿ, “ನನ್ನಲ್ಲೂ ಎರಡು ಚೇತನ ಇದೆ” ಅಂತ ಹೊರಗಿನವರು ತಮಗೂ ಹಚ್ಚಿಕೊಳ್ಳಬೇಡಿ.

ಇನ್ನು ಲಿಪಿ. ಇಲ್ಲಿ ನಮಗೆ ಒಂದು ಅನುಕೂಲ ಇದೆ, ಸುಮ್ನೆ ಕಳೆದುಕೊಳ್ಳುತ್ತಿದ್ದೇವೆ. ಕನ್ನಡದಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ ಅಕ್ಷರ. ಇಂಗ್ಲಿಷ್ ಅಕ್ಷರದಲ್ಲಿ ಮೇಲೊಂದು ಗೆರೆ ಹಾಕಿ ತೋರಿಸಬೇಕಾದ್ದನ್ನು ನಾವು ಸಲೀಸಾಗಿ ಬರೆಯಬಹುದು. ಗಂಡು ಹೆಣ್ಣು ಎರಡರ ನಡುವಿನವರಿಗೆ ಹವಾಯಿಯಲ್ಲಿ ಹೇಳುವ ಮಾಹೂ ಪದದಲ್ಲಿ ಎರಡೂ ಸ್ವರ ದೀರ್ಘ. ಇಂಗ್ಲಿಷ್ ಪತ್ರಿಕೆಗಳು ಆ ಗೆರೆ ಬಿಟ್ಟು ಬರೆಯೋದುಂಟು, ಅದನ್ನು ನೋಡಿ ನಾವು “ಮಹು” ಅಂತ ಬರೆದುಬಿಡುತ್ತೇವೆ. ನವಾಹೊ ಭಾಷೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಅಕ್ಷರದ ಮೇಲಿನ ಓರೆಗೆರೆ ದೀರ್ಘದ ಗುರುತಲ್ಲ, ದನಿ ಏರಿಸಿ ಹೇಳಬೇಕು ಅನ್ನೋ ಗುರುತು. ಸ್ವರ ದೀರ್ಘವಾಗಿದ್ದರೆ ಅಕ್ಷರವನ್ನೇ ಎರಡು ಸಲ ಬರೆಯುತ್ತಾರೆ. ಹಾಗಾಗಿ nádleehí ಅನ್ನೋದರಲ್ಲಿ ಮೊದಲ ಅಕ್ಷರ ನ, ನಾ ಅಲ್ಲ. ನಡುವಿನದ್ದು ಲೇ, ಲೀ ಅಲ್ಲ. ನದ್ಲೇಹಿ. ಒಂದು ಭಾಷೆಯ ನಿಯಮ ಕಲಿತು ಇನ್ನೊಂದಕ್ಕೆ ಹಾಕಿದರೆ ತಪ್ಪೋದು ಹೀಗೆ.

ಇಂಡೊನೇಷ್ಯಾದ ಸುಲವೇಸಿ ದ್ವೀಪದ ಬುಗಿಸ್ ಜನರ ಪದಗಳನ್ನು ನಾನು ಎಷ್ಟೋ ಕಾಲ “ಕಲಬಾಯ್”, “ಕಲಲಾಯ್” ಅಂತ ಓದುತ್ತಿದ್ದೆ. ಇಂಡೊನೇಷ್ಯಾದಲ್ಲಿ c ಅನ್ನೋ ರೋಮನ್ ಅಕ್ಷರಕ್ಕೆ ಚಕಾರದ ಉಚ್ಚಾರ. ಚಲಬಾಯ್, ಚಲಲಾಯ್ ಅನ್ನಬೇಕು. ನ್ಯೂಜಿಲೆಂಡಿನ ಮಾವೊರಿ ಭಾಷೆಯ ಫಕವಹಿನೆ (ಗಂಡಾಗಿ ಹುಟ್ಟಿ ಹೆಣ್ಣಿನ ರೀತಿ ಬದುಕುವವರು) ಪದವನ್ನು ಇಂಗ್ಲಿಷ್ ಅಕ್ಷರ (wh) ನೋಡಿ ಓದಿದರೆ ಮೊದಲ ಅಕ್ಷರ “ವ” ಆಗಿಬಿಡುತ್ತದೆ. ಸಮೋವಾದ ಪದದಲ್ಲಿ ಮೊದಲ ಫ ಆದ ಮೇಲೆ ಗಂಟಲಲ್ಲಿ ಉಸಿರು ಒಮ್ಮೆ ತಡೆದು ಬಿಡಬೇಕು. ಅದಕ್ಕೆ ನಾನು ಫಅಫಫಿನೆ ಅಂತ ಬರೆಯುತ್ತೇನೆ. ಪದದ ನಡುವೆ ಅ ಬರೋದು ಕನ್ನಡದ ಕಣ್ಣಿಗೆ ವಿಚಿತ್ರ ಕಾಣುತ್ತದೆ, ಆದರೂ ಆ ಅ ಬಿಡಬೇಡಿ. ಫಅ ಅಂದರೆ “ಹಾಗೆ, ಆ ರೀತಿ”. ಫಫಿನೆ ಅಂದರೆ ಹೆಂಗಸು. ಪದದ ಎರಡು ತುಂಡು ಕೂಡುವ ಜಾಗ ಕಾಣಬೇಕು, ಅಲ್ವಾ? ಹುಡುಗಿಯಾಗಿ ಹುಟ್ಟಿ ಗಂಡಿನ ರೀತಿ ಬದುಕುವವರು ಫಅತಮ. ಉಚ್ಚಾರ ತಿಳಿಯಲು ಸುಲಭದ ದಾರಿ ಅಂದರೆ ಆ ಜನರೇ ಮಾತಾಡಿರುವ ವಿಡಿಯೊ ಹುಡುಕಿ, ಕಣ್ಣು ಮುಚ್ಚಿ ಕೇಳಿ, ಕೇಳಿದ್ದನ್ನು ಬರೆಯೋದು.

ಆಮೇಲೆ ಅರ್ಥ. ಅರ್ಥ ಹೇಳುವಾಗ ಪದಕ್ಕೆ ಪದ ಇಡಬೇಡಿ, ಕೆಲಸ ಹೇಳಿ. ನನಗೆ ಮುಖ್ಯ ಅನ್ನಿಸೋದು ಇದೇ. “ಮುಶೆ ಎಂದರೆ ಮಂಗಳಮುಖಿ” ಅಂದರೆ ಓದುಗರಿಗೆ ಮುಶೆ ಬಗ್ಗೆ ಏನೂ ಗೊತ್ತಾಗೋದಿಲ್ಲ, ಮಂಗಳಮುಖಿಯರ ಬಗ್ಗೆ ಅವರಿಗೆ ಈಗಾಗಲೇ ಇರೋ ಅಭಿಪ್ರಾಯ ಬಂದು ಅಲ್ಲಿ ಕೂರುತ್ತದೆ, ಅಷ್ಟೇ. ಅದರ ಬದಲು ಮುಶೆ ಏನು ಮಾಡುತ್ತಾರೆ ಅಂತ ಬರೆಯಿರಿ. ಹುಚಿತಾನ್ ಕಡೆಯ ಹೆಂಗಸರು ತೊಡುವ, ದೊಡ್ಡ ದೊಡ್ಡ ಹೂವಿನ ಕಸೂತಿಯ ಉಡುಗೆ ಇದೆಯಲ್ಲ, ಅಂಥ ಕಸೂತಿಯಲ್ಲಿ ಮುಶೆ ಜನರ ಕೈ ಪಳಗಿದ್ದು. ಹಬ್ಬದ ಅಲಂಕಾರ ಮಾಡುತ್ತಾರೆ. ಉಳಿದ ಮಕ್ಕಳು ಮದುವೆಯಾಗಿ ಬೇರೆ ಹೋದ ಮೇಲೆ ವಯಸ್ಸಾದ ತಂದೆ ತಾಯಿಯ ಜೊತೆ ಉಳಿದು ನೋಡಿಕೊಳ್ಳೋರು ಅವರು ಅನ್ನೋ ನಂಬಿಕೆ ಅಲ್ಲಿದೆ. ನವೆಂಬರ್‌ನಲ್ಲಿ ಅವರದ್ದೇ ರಾತ್ರಿ ಹಬ್ಬ ನಡೆಯುತ್ತದೆ. 2003ರಲ್ಲಿ ಅಮರಾಂತಾ ಗೋಮೆಸ್ ರೆಗಲಾದೊ ಅನ್ನೋ ಮುಶೆ ಮೆಕ್ಸಿಕೊದ ಸಂಸತ್ತಿನ ಚುನಾವಣೆಗೂ ನಿಂತಿದ್ದರು. ಇಷ್ಟು ಬರೆದರೆ ಮುಶೆ ಅಂದರೆ ಯಾರು ಅಂತ ಓದುಗರಿಗೇ ಹೊಳೆಯುತ್ತದೆ.

“ತೃತೀಯ ಲಿಂಗಿ” ಅನ್ನೋ ಪದವನ್ನಂತೂ ಬುಗಿಸ್ ಜನರ ವಿಷಯದಲ್ಲಿ ಬಳಸಲೇಬೇಡಿ. ಅವರ ಲೆಕ್ಕದಲ್ಲಿ ಇರೋದು ಐದು. ಮಕ್ಕುನ್ರಾಯ್ ಅಂದರೆ ಹೆಣ್ಣು, ಒರೊವಾನೆ ಅಂದರೆ ಗಂಡು, ಗಂಡಾಗಿ ಹುಟ್ಟಿ ಹೆಣ್ಣಿನ ರೀತಿ ಬದುಕುವವರು ಚಲಬಾಯ್, ಹೆಣ್ಣಾಗಿ ಹುಟ್ಟಿ ಗಂಡಿನ ರೀತಿ ಬದುಕುವವರು ಚಲಲಾಯ್. ಐದನೆಯವರು ಬಿಸ್ಸು. ಐದು ಎಣಿಸುವ ಜನರ ನಡುವೆ ಮೂರನೆಯವರು ಅಂದರೆ ಯಾರು? ಚಲಬಾಯ್ ಮತ್ತು ಬಿಸ್ಸು ಕೂಡ ಒಂದಲ್ಲ. ಮದುವೆ ಮನೆಯ ಕೆಲಸದಲ್ಲಿ, ಅಡುಗೆ, ಅಲಂಕಾರ, ಮದುಮಗಳ ಸಿಂಗಾರ ಇವೆಲ್ಲದರಲ್ಲಿ ಚಲಬಾಯ್ ಮುಂದೆ ನಿಲ್ಲುತ್ತಾರೆ. ಬಿಸ್ಸು ಪೂಜೆಯವರು. ಗಂಡು ಹೆಣ್ಣು ಎರಡೂ ಸೇರಿದರೇ ಪೂರ್ಣ ಅನ್ನೋದು ಅವರ ನಂಬಿಕೆ, ಅದಕ್ಕೆ ಬಿಸ್ಸು ಉಡುಗೆಯಲ್ಲಿ ಹೆಂಗಸರ ಹಾಗೆ ಹೂವೂ ಇರುತ್ತದೆ, ಗಂಡಸರ ಹಾಗೆ ಸೊಂಟದಲ್ಲಿ ಕ್ರಿಸ್ ಕತ್ತಿಯೂ ಇರುತ್ತದೆ. ಸೆಗೆರಿ ಅನ್ನೋ ಊರಿನಲ್ಲಿ ಭತ್ತದ ಬೇಸಾಯ ಶುರುವಾಗುವ ಮುಂಚೆ ಬಿಸ್ಸು ಸೇರಿ ಒಂದು ಪವಿತ್ರ ನೇಗಿಲನ್ನು ನಿದ್ದೆಯಿಂದ “ಎಬ್ಬಿಸುತ್ತಾರೆ”. ಕತ್ತಿಯ ತುದಿಯನ್ನು ಕುತ್ತಿಗೆಗೆ, ಅಂಗೈಗೆ ಒತ್ತಿ ಹಿಡಿದು ಕುಣಿಯುತ್ತಾರೆ. ಕತ್ತಿ ಒಳಗೆ ಇಳಿಯದೆ ಹೋದರೆ ದೈವ ಅವರ ಮೈಯಲ್ಲಿದೆ ಅಂತ ಅರ್ಥ.

ಈಗ ಸರ್ವನಾಮಕ್ಕೆ ಬರೋಣ. ನಿಧಾನವಾಗಿ ನೋಡಬೇಕಾದ ವಿಷಯ ಇದು, ಯಾಕೆಂದರೆ ಕನ್ನಡದಲ್ಲಿ ಸರ್ವನಾಮ ಸರಿ ಮಾಡಿದರೆ ಸಾಲದು, ಕ್ರಿಯಾಪದವೂ ಗಂಡು ಹೆಣ್ಣು ಹೇಳಿಬಿಡುತ್ತದೆ. ಬಂದನು, ಬಂದಳು. ಆದರೆ ನಮ್ಮ ಹತ್ತಿರ “ಅವರು” ಇದೆ. ಇಂಗ್ಲಿಷಿನವರು ಒಬ್ಬರಿಗೆ ಬಹುವಚನ ಬಳಸೋದು ಸರಿಯೋ ತಪ್ಪೋ ಅಂತ ವಾದ ಮಾಡುತ್ತಲೇ ಇದ್ದಾರೆ, ನಾವು ಗೌರವ ಕೊಡಬೇಕಾದ ಯಾರಿಗೇ ಆಗಲಿ ದಿನವೂ ಅವರು ಅನ್ನುತ್ತೇವೆ. ಅಷ್ಟೇ ಅಲ್ಲ, ನಾವು ಬರೆಯುತ್ತಿರುವ ಎಷ್ಟೋ ಭಾಷೆಗಳಲ್ಲಿ ಅವನು, ಅವಳು ಅನ್ನೋ ಭೇದವೇ ಇಲ್ಲ. ಹವಾಯಿಯಲ್ಲಿ, ಸಮೋವಾದಲ್ಲಿ ಎಲ್ಲರಿಗೂ “ಇಯ”. ಹುಚಿತಾನ್ ಕಡೆಯ ಝಪೊಟೆಕ್ ಭಾಷೆಯಲ್ಲಿ ಮನುಷ್ಯರಿಗೆ ಒಂದು, ಪ್ರಾಣಿಗೆ ಒಂದು, ವಸ್ತುವಿಗೆ ಒಂದು. ಇಂಗ್ಲಿಷಿನ ಮೂಲಕ ಬಂದಾಗ ಅವನು, ಅವಳು ಸೇರಿಕೊಂಡಿದ್ದು. ಆ ಭಾಷೆಯಿಂದ ನೇರ ಕನ್ನಡಕ್ಕೆ ತಂದರೆ “ಅವರು” ಮೂಲಕ್ಕೇ ಹತ್ತಿರ.

ಒಂದು ಉದಾಹರಣೆ ಬಿಡಿಸಿ ನೋಡೋಣ. ವೇವಾ ಅಂತ ಒಬ್ಬರಿದ್ದರು, 1849ರ ಸುಮಾರಿಗೆ ಹುಟ್ಟಿದವರು, ಝೂನಿ ಜನರಲ್ಲಿ ಲ್ಹಮನ. ನನ್ನ ಹಳೆಯ ಕಡತದಲ್ಲಿ ಅವರ ಬಗ್ಗೆ ಹೀಗಿತ್ತು: “ವೇವಾ ಒಬ್ಬ ಪ್ರಸಿದ್ಧ ಕುಂಬಾರ ಮತ್ತು ನೇಕಾರ. ಹೆಣ್ಣಿನ ವೇಷ ಧರಿಸುತ್ತಿದ್ದ ಅವನು 1886ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷರನ್ನು ಭೇಟಿಯಾದನು.” ಎರಡೇ ವಾಕ್ಯ, ಎಷ್ಟು ಕಡೆ ಪೆಟ್ಟು ನೋಡಿ. “ಒಬ್ಬ” ಗಂಡು. “ಕುಂಬಾರ” ಗಂಡು, “ನೇಕಾರ” ಗಂಡು. “ವೇಷ” ಅನ್ನೋ ಪದ ಇದೆಲ್ಲ ನಾಟಕ ಅನ್ನುತ್ತಿದೆ. “ಭೇಟಿಯಾದನು” ಮತ್ತೆ ಗಂಡು. ಈಗ ಅದನ್ನು ಹೀಗೆ ತಿದ್ದಿದ್ದೇನೆ: “ವೇವಾ ಅವರು ಝೂನಿ ಜನರಲ್ಲಿ ಲ್ಹಮನ ಆಗಿದ್ದರು. ಮಡಕೆ ಮಾಡುವುದರಲ್ಲಿ, ನೇಯ್ಗೆಯಲ್ಲಿ ಅವರ ಹೆಸರು ದೊಡ್ಡದು. ಝೂನಿ ಹೆಂಗಸರ ಉಡುಗೆ ಉಡುತ್ತಿದ್ದರು. 1886ರಲ್ಲಿ ವಾಷಿಂಗ್ಟನ್‌ನಲ್ಲಿ ಸುಮಾರು ಆರು ತಿಂಗಳಿದ್ದು, ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನೂ ಕಂಡರು.” ಒಬ್ಬ ಹೋಗಿ ಅವರು ಆಯಿತು. ಕಸುಬಿನ ಹೆಸರು ಹೋಗಿ ಕೆಲಸ ಬಂತು. ಮಗ, ಮಗಳು ಅನ್ನೋ ಕಡೆ ಮಗು ಅಥವಾ ಮಕ್ಕಳು ಅಂತ ಬರೆಯಬಹುದು. ಅಣ್ಣ, ಅಕ್ಕ ಅನ್ನೋ ಕಡೆ ಒಡಹುಟ್ಟಿದವರು ಅನ್ನಬಹುದು. “ಅವರು” ಬಳಸಿದಾಗ ಒಬ್ಬರೋ ಹಲವರೋ ಅನ್ನೋ ಗೊಂದಲ ಬರುತ್ತದೆ, ನಿಜ. ಅಂಥ ಕಡೆ ಹೆಸರನ್ನೇ ಇನ್ನೊಮ್ಮೆ ಬರೆಯಿರಿ, ಸಾಕು. ಆದರೆ ತಮ್ಮನ್ನು ಅವಳು ಅಂತಲೇ ಕರೆಯಬೇಕು ಅಂತ ಇವತ್ತು ಬದುಕಿರುವ ಒಬ್ಬರು ಹೇಳಿದ್ದರೆ ಅವರ ಮಾತೇ ಕೊನೆ, ಅಲ್ಲಿ ನನ್ನ ನಿಯಮ ನಡೆಯೋದಿಲ್ಲ.

ಬಹುವಚನದಲ್ಲೂ ಒಂದು ಸೂಕ್ಷ್ಮ ಇದೆ. ಬಿಸ್ಸುಗಳು ಅಂದರೆ ಕಿವಿಗೆ ಸರಿ, ಗುರುಗಳು ಅಂದ ಹಾಗೆ. ಮುಶೆಗಳು ಅಂದರೆ ಯಾವುದೋ ವಸ್ತುಗಳ ರಾಶಿಯಂತೆ ಕೇಳಿಸುತ್ತದೆ. ಮುಶೆಯರು ಅಂದರೆ ಮಹಿಳೆಯರು ಅಂದ ಹಾಗಾಗಿ ಮತ್ತೆ ಹೆಣ್ಣಿನ ಕಡೆ ವಾಲುತ್ತದೆ. “ಮುಶೆ ಜನ” ಅಂತ ಬರೆಯೋದು ನನಗೆ ಹಿತ ಅನ್ನಿಸಿದೆ.

ಹಳೆಯ ದಾಖಲೆ ಓದುವಾಗ ಎರಡು ಸಲ ಓದಿ. ಬರೆದವರಲ್ಲಿ ಹೆಚ್ಚಿನವರು ಪಾದ್ರಿಗಳು, ಸೈನಿಕರು, ಸರ್ಕಾರಿ ಅಧಿಕಾರಿಗಳು, ಹೊರಗಿನ ವಿದ್ವಾಂಸರು. ಆದರೆ ಅವರ ಬರಹದಲ್ಲೂ ಕೆಲವು ವಿವರ ಅಮೂಲ್ಯ. 1896ರಲ್ಲಿ ವೇವಾ ತೀರಿಕೊಂಡಾಗ ಮಟಿಲ್ಡಾ ಕಾಕ್ಸ್ ಸ್ಟೀವನ್‌ಸನ್ ಅನ್ನೋ ಸಂಶೋಧಕಿ ಬರೆದಿಟ್ಟ ಒಂದು ವಿವರ ಇದೆ. ಮೈ ತೊಳೆದು, ಹಿಟ್ಟು ಸವರಿ, ಮೊದಲು ಕಾಲಿಗೆ ಬಿಳಿ ಹತ್ತಿಯ ಷರಾಯಿ ತೊಡಿಸಿದರು. ಹೆಣ್ಣಿನ ಉಡುಗೆಗೆ ಬಂದ ಮೇಲೆ ವೇವಾ ಮೈಮೇಲೆ ಬಿದ್ದ ಮೊದಲ ಗಂಡು ಬಟ್ಟೆ ಅದು. ಉಳಿದದ್ದೆಲ್ಲ ಹೆಂಗಸರ ಉಡುಗೆಯೇ. ಒಳಗೆ ಷರಾಯಿ, ಮೇಲೆ ಹೆಂಗಸರ ಬಟ್ಟೆ. ಲ್ಹಮನ ಅನ್ನೋ ಪದಕ್ಕೆ ನಿಘಂಟು ಕೊಡೋ ಅರ್ಥಕ್ಕಿಂತ ಇದು ಹೆಚ್ಚು ಹೇಳುತ್ತದೆ ಅಂತ ನನಗೆ ಅನ್ನಿಸುತ್ತದೆ. ಇಂಥ ವಿವರ ಸಿಕ್ಕರೆ ಹಿಡಿದುಕೊಳ್ಳಿ, ಸುತ್ತಲಿನ ಅಭಿಪ್ರಾಯ ಬಿಡಿ.

ದಿನೇ (ನವಾಹೊ) ಜನರಲ್ಲಿ ನದ್ಲೇಹಿ ಆಗಿದ್ದ ಹೋಸ್ಟೀನ್ ಕ್ಲಾಹ್ ಅವರದ್ದೂ ಇಂಥದ್ದೇ ಬದುಕು. 1867ರಲ್ಲಿ ಹುಟ್ಟಿದವರು. ದಿನೇ ಜನರಲ್ಲಿ ಮಗ್ಗದ ಕೆಲಸ ಹೆಂಗಸರದ್ದು, ದೊಡ್ಡ ವಿಧಿಗಳ ಹಾಡುಗಳನ್ನು ಕಲಿತು ನಡೆಸಿಕೊಡೋದು ಬಹುಮಟ್ಟಿಗೆ ಗಂಡಸರದ್ದು. ಕ್ಲಾಹ್ ಎರಡನ್ನೂ ಮಾಡಿದರು. ವಿಧಿಯ ಸಮಯದಲ್ಲಿ ಬಣ್ಣದ ಮರಳಿನಿಂದ ನೆಲದ ಮೇಲೆ ಬಿಡಿಸಿ ಆಮೇಲೆ ಅಳಿಸಿಬಿಡುವ ಚಿತ್ರಗಳನ್ನು ಕಂಬಳಿಯಲ್ಲಿ ನೇಯ್ದರು. ಹಾಗೆ ಉಳಿಸಬಾರದು ಅಂತ ಅವರದ್ದೇ ಜನ ವಿರೋಧಿಸಿದರೂ ನೇಯ್ದರು. ಸಾಂತಾ ಫೆ ಊರಿನಲ್ಲಿ 1937ರಲ್ಲಿ ತೆರೆದ ಒಂದು ವಸ್ತುಸಂಗ್ರಹಾಲಯ ಅವರೂ ಸೇರಿ ಕಟ್ಟಿದ್ದು, ಅವರು ತೀರಿಕೊಂಡದ್ದೂ ಅದೇ ವರ್ಷ. ನದ್ಲೇಹಿ ಅಂದರೆ “ಬದಲಾಗುತ್ತಾ ಇರುವವರು”. ಕ್ಲಾಹ್ ಅವರ ಮಗ್ಗ, ಹಾಡು ಎರಡನ್ನೂ ಹೇಳಿದ ಮೇಲೆ ಈ ಅರ್ಥ ಹೇಳಿ, ಆಗ ಓದುಗರಿಗೆ ಅದು ತಾಗುತ್ತದೆ.

ಹಾಗಂತ ಎಲ್ಲವನ್ನೂ ಬಂಗಾರದ ಬಣ್ಣ ಬಳಿದು ಬರೆಯಬೇಡಿ. “ಅಲ್ಲಿ ಇವರನ್ನು ದೇವರಂತೆ ಪೂಜಿಸುತ್ತಿದ್ದರು” ಅನ್ನೋ ಸಾಲು ತುಂಬಾ ಕಡೆ ಸಿಗುತ್ತದೆ, ಅದು ಅರ್ಧ ಸತ್ಯ ಕೂಡ ಅಲ್ಲ. ವಿಂಕ್ತೆ ಅನ್ನೋದನ್ನೇ ತೆಗೆದುಕೊಳ್ಳಿ. ಮಕ್ಕಳಿಗೆ ಗುಟ್ಟಿನ ಹೆಸರಿಡುವ ಹಕ್ಕು ವಿಂಕ್ತೆಯವರಿಗಿತ್ತು, ಆ ಹೆಸರು ಶುಭ ಅಂತ ಲಕೋಟ ಜನ ನಂಬುತ್ತಿದ್ದರು. ಅದೇ ಪದವನ್ನು ಈಗ ಕೆಲವರು ಬೈಗುಳದ ಹಾಗೆ ಬಳಸೋದೂ ಉಂಟು. ಎರಡನ್ನೂ ಬರೆಯಿರಿ. ಸಮೋವಾದಲ್ಲಿ ಫಅಫಫಿನೆ ಜನ ಮನೆಯ ಹಿರಿಯರ ಆರೈಕೆಯಿಂದ ಹಿಡಿದು ಪಾಠ ಹೇಳುವವರೆಗೆ ಎಲ್ಲ ಕಡೆ ಇದ್ದಾರೆ. ಆದರೂ ಗಂಡಸು ಹೆಣ್ಣಿನಂತೆ ಉಡೋದು ಅಪರಾಧ ಅನ್ನೋ ಹಳೆಯ ಕಾನೂನು ಹೋಗಿದ್ದು 2013ರಲ್ಲಿ. ಬಿಸ್ಸು ಜನರ ಮೇಲೆ 1950ರ ದಶಕದಲ್ಲಿ ಸುಲವೇಸಿಯ ದಂಗೆಕೋರರು ನಡೆಸಿದ ದಾಳಿಯಲ್ಲಿ ಅವರ ಪವಿತ್ರ ವಸ್ತುಗಳು ನಾಶವಾದವು, ಜೀವ ಉಳಿಸಿಕೊಳ್ಳಲು ಎಷ್ಟೋ ಜನ ಗಂಡಸರಂತೆ ಬದುಕಬೇಕಾಯಿತು.

ಪದ ಯಾಕೆ ಮರೆಯಾಯಿತು ಅನ್ನೋದನ್ನೂ ಬಿಡಬೇಡಿ. 1513ರಲ್ಲಿ ಪನಾಮಾದ ಕಡೆ ಸ್ಪೇನಿನ ಬಾಲ್ಬೋವಾ ಹೆಂಗಸರ ಉಡುಗೆಯಲ್ಲಿದ್ದ ಗಂಡಸರನ್ನು ನಾಯಿಗಳಿಗೆ ಹಾಕಿ ಕೊಲ್ಲಿಸಿದ. ಕ್ರೋ ಜನರ ಓಷ್-ಟಿಶ್ ಒಬ್ಬ ಬತೇ, ಹೊಲಿಗೆಯಲ್ಲಿ ಎತ್ತಿದ ಕೈ, 1876ರ ರೋಸ್‌ಬಡ್ ಕಾಳಗದಲ್ಲಿ ಹೋರಾಡಿದವರು. 1890ರ ದಶಕದಲ್ಲಿ ಅಮೆರಿಕ ಸರ್ಕಾರದ ಏಜೆಂಟ್ ಒಬ್ಬ ಓಷ್-ಟಿಶ್ ಮತ್ತು ಉಳಿದ ಬತೇ ಜನರನ್ನು ಕೂಡಿಹಾಕಿ, ಕೂದಲು ಕತ್ತರಿಸಿ, ಗಂಡು ಬಟ್ಟೆ ತೊಡಿಸಿ, ಗಿಡ ನೆಡುವ ಕೆಲಸಕ್ಕೆ ಹಚ್ಚಿದ. ಆಗ ಕ್ರೋ ಮುಖಂಡ ಪ್ರೆಟಿ ಈಗಲ್ ಬಂದು, ನೀನು ನಮ್ಮ ನೆಲ ಬಿಟ್ಟು ಹೋಗು ಅಂತ ಏಜೆಂಟನಿಗೆ ಹೇಳಿದರು. ಈ ಸಂಗತಿ ಹೊರಗೆ ಬಂದದ್ದು ಕ್ರೋ ಜನರದ್ದೇ ಇತಿಹಾಸಕಾರ ಜೋ ಮೆಡಿಸಿನ್ ಕ್ರೋ ಅವರ ಬಾಯಿಂದ. (ಮೇಲೆ “ಒಬ್ಬ ಬತೇ” ಅಂತ ಕೈ ತಪ್ಪಿ ಬರೆದಿದ್ದೇನೆ. “ಒಬ್ಬರು ಬತೇ” ಆಗಬೇಕು. ತಿದ್ದದೆ ಬಿಟ್ಟಿದ್ದೇನೆ, ಈ ರೂಢಿ ಎಷ್ಟು ಬೇಗ ಒಳಗೆ ನುಗ್ಗುತ್ತದೆ ಅಂತ ನಿಮಗೂ ಕಾಣಲಿ.)

ಕೆಲವು ಪದ ಸತ್ತಿಲ್ಲ, ಮತ್ತೆ ಎದ್ದು ಬಂದಿವೆ. ಮಾವೊರಿಯ ತಕತಾಪುಯಿ ಹಾಗೆ. ರೊಟೊರುವಾ ಕೆರೆ ಈಜಿ ದಾಟಿದ ಹಿನೆಮೊವಾ ಮತ್ತು ತೂತಾನೆಕಾಯಿ ಅವರ ಪ್ರೇಮಕಥೆಯಲ್ಲಿ ತೂತಾನೆಕಾಯಿಗೆ ಟಿಕಿ ಅನ್ನೋ ಆಪ್ತ ಗೆಳೆಯ ಇದ್ದಾನೆ, ಅವನನ್ನು ಕರೆಯೋದು ಈ ಪದದಿಂದ. 1980ರ ದಶಕದಲ್ಲಿ ಮಾವೊರಿ ಜನ ಅದನ್ನು ಮತ್ತೆ ತಮ್ಮದಾಗಿಸಿಕೊಂಡರು, ಈಗ ಅದರ ಅಡಿಯಲ್ಲಿ ಎಲ್ಲ ಬಗೆಯವರೂ ಬರುತ್ತಾರೆ. ಇಂಥ ಪದಕ್ಕೆ ಹಳೆಯ ಅರ್ಥ, ಈಗಿನ ಅರ್ಥ ಎರಡನ್ನೂ ಕಾಲದ ಸಮೇತ ಹೇಳಬೇಕು, ಇಲ್ಲದಿದ್ದರೆ ಇವತ್ತಿನ ಅರ್ಥವನ್ನು ಕಥೆಯ ಟಿಕಿಯ ಮೇಲೆ ಹೊರಿಸಿದ ಹಾಗಾಗುತ್ತದೆ.

ಬರೆದು ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ: ಚಿತ್ರದ ಕೆಳಗಿನ ಸಾಲು, ತಲೆಬರಹ, ಮೇಲಿನ ಪುಟ್ಟ ಪರಿಚಯ. ಒಳಗೆ ಎಷ್ಟೇ ಚೆನ್ನಾಗಿ ಬರೆದರೂ ಪದ ಕಳೆದುಹೋಗೋದು ಇಲ್ಲೇ. ಹವಾಯಿಯ ವೈಕಿಕಿ ಕಡಲ ದಂಡೆಯಲ್ಲಿ ನಾಲ್ಕು ದೊಡ್ಡ ಕಲ್ಲುಗಳಿವೆ. ಟಹೀಟಿಯಿಂದ ಬಂದು ಜನರ ಕಾಯಿಲೆ ವಾಸಿ ಮಾಡಿದ ನಾಲ್ವರು ಮಾಹೂ ನೆನಪಿಗೆ ನಿಲ್ಲಿಸಿದ ಕಲ್ಲುಗಳು ಅಂತ ಅಲ್ಲಿನ ಹಳೆಯ ಕಥೆ ಹೇಳುತ್ತದೆ, 1907ರಲ್ಲಿ ಅಚ್ಚಾದ ಕಥೆಯಲ್ಲೂ ಹಾಗೇ ಇದೆ. ಆಮೇಲೆ ಆ ಕಲ್ಲುಗಳು ಚೆಂಡು ಉರುಳಿಸಿ ಆಡುವ ಬೌಲಿಂಗ್ ಆಟದ ಒಂದು ಕಟ್ಟಡದ ಕೆಳಗೆ ಹೂತುಹೋದವು. 1963ರಲ್ಲಿ ಮತ್ತೆ ಹೊರಬಂದಾಗ ಪಕ್ಕದಲ್ಲಿ ಒಂದು ಫಲಕ ಹಾಕಿದರು. ಅದರಲ್ಲಿ ಕಾಯಿಲೆ ವಾಸಿ ಮಾಡಿದವರು ಅಂತ ಇತ್ತು, ಟಹೀಟಿ ಇತ್ತು. ಮಾಹೂ ಅನ್ನೋ ಪದ ಇರಲಿಲ್ಲ. ನಿಮ್ಮ ತಲೆಬರಹವನ್ನೂ ಚಿತ್ರದ ಕೆಳಗಿನ ಸಾಲನ್ನೂ ಒಮ್ಮೆ ಹಾಗೆ ನೋಡಿ, ಪದ ಅಲ್ಲಿದೆಯಾ ಅಂತ.